ಶನಿವಾರದ ಸದ್ದು

ಆ ಶನಿವಾರ ನನ್ನ ದನಿ ಅರ್ಧ ಮಾತಿನಲ್ಲಿ ನಿಂತುಹೋದಾಗ ನಾನು ಮನೆಯ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಎದುರಿಗೆ ನನ್ನ ಹೆಂಡತಿ ಸುಲೋಚನಾ ಮೊರ ಇಟ್ಟುಕೊಂಡು ಕೂತಿದ್ದಳು. ರಸ್ತೆ ಖಾಲಿಯಿತ್ತು. ನಡುರಸ್ತೆಯಲ್ಲಿ ಒಂದು ನಾಯಿ ಮಲಗಿ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಅದರ ಮೈಮೇಲೆ ಹಾದುಹೋಗುವಂತೆ ಕಾರುಗಳ ಸದ್ದು ಒಂದರ ಹಿಂದೊಂದು ಅಕ್ಕಿ ಗಿರಣಿಯ ಕಡೆಯಿಂದ ಬಂದು ಆಸ್ಪತ್ರೆಯ ಏರಿನತ್ತ ಹೋಗುತ್ತಿತ್ತು. ನಾಯಿ ಕಿವಿ ಕೂಡ ಅಲ್ಲಾಡಿಸಲಿಲ್ಲ. ಸ್ಪೀಕರು ಇನ್ನೂ ಕಟ್ಟಿರದ ಕಂಬದಿಂದ ನನ್ನದೇ ದನಿ, "ಹಸಿರು ಕಾರು ಮುಂದಿದೆ, ಎಂದಿನಂತೆ ಚೆಂಗಪ್ಪನವರೇ ಮುಂದೆ, ಈಗ ಹುಣಸೆಮರದ ತಿರುವಿಗೆ ಬರ್ತಾ" ಎಂದಿತು. ಅಷ್ಟೇ. ಮುಂದಿನ ಮಾತು ಬರಲಿಲ್ಲ. ಅದರ ಜೊತೆಗೇ ಕಾರುಗಳ ಸದ್ದೂ ನಿಂತಿತು, ಜನರ ಗಲಾಟೆಯೂ ನಿಂತಿತು. ಮೊರದ ಮೇಲೆ ಕಾಳು ಬೀಳುವುದು ಕೇಳಿಸತೊಡಗಿತು. ಸುಲೋಚನಾ ನನ್ನ ಮುಖ ನೋಡಿದಳು. ನಾನು ಕಂಬ ನೋಡುತ್ತಿದ್ದೆ.

ನಮ್ಮೂರನ್ನು ಕಾಣದವರಿಗೆ ಇಷ್ಟು ಹೇಳಿಬಿಡಬೇಕು. ವರ್ಷಕ್ಕೊಮ್ಮೆ ಅವರೆಕಾಯಿಯ ಕಾಲದಲ್ಲಿ ಊರನ್ನು ಸುತ್ತುವ ರಸ್ತೆಯಲ್ಲಿ ಕಾರ್ ರೇಸ್ ನಡೆಯುತ್ತಿತ್ತು. ರೇಸು ಭಾನುವಾರ. ಅದರ ಸದ್ದು ಶನಿವಾರ. ಬಾವುಟ ಬೀಸಿದ ಗಳಿಗೆಯಿಂದ ಕೊನೆಯ ಕಾರು ಬಂದು ನಿಲ್ಲುವವರೆಗೆ ಆ ರಸ್ತೆಯಲ್ಲಿ ಏನೇ ಸದ್ದಾದರೂ, ಇಂಜಿನ್ನಿನದಾಗಲಿ, ಚಪ್ಪಾಳೆಯದಾಗಲಿ, ಕಡಲೆಕಾಯಿ ಮಾರುವವನ ಕೂಗಾಗಲಿ, ಅದು ಹಿಂದಿನ ದಿನ ಅದೇ ಹೊತ್ತಿಗೆ ಅದೇ ಜಾಗದಿಂದ ಕೇಳಿಬರುತ್ತಿತ್ತು. ಭಾನುವಾರ ಕಾರುಗಳು ನೀರಿನೊಳಗಿನ ಮೀನುಗಳ ಹಾಗೆ ಓಡುತ್ತಿದ್ದವು. ನಮ್ಮಜ್ಜನ ಕಾಲದಲ್ಲಿ ಬರೀ ಮೋಟಾರ್ ಸೈಕಲ್ಲುಗಳ ರೇಸ್ ಇದ್ದಾಗಲೂ ಹೀಗೇ ಇತ್ತಂತೆ.

ಜನ ಇದಕ್ಕೆ ಒಗ್ಗಿಹೋಗಿದ್ದರು. ಭಾನುವಾರ ರಸ್ತೆ ಬದಿಗೆ ಬರುವವರು ಮನೆಯ ಮಾತನ್ನು ಮನೆಯಲ್ಲೇ ಮುಗಿಸಿ ಬರುತ್ತಿದ್ದರು. ಅಲ್ಲಿ ಆಡಿದ್ದನ್ನು ಹಿಂದಿನ ದಿನವೇ ಊರೆಲ್ಲ ಕೇಳಿರುತ್ತದಲ್ಲ. ಒಂದು ವರ್ಷ ಹೂ ಮಾರುವ ಪುಟ್ಟತಾಯಮ್ಮ ತನ್ನ ಓರಗಿತ್ತಿಯನ್ನು ಬಾಯಿಗೆ ಬಂದಂತೆ ಬಯ್ಯುವುದನ್ನು ತಾನೇ ಶನಿವಾರ ಕೇಳಿಸಿಕೊಂಡು ನಾಚಿಕೆಯಾಗಿ, ನಾಳೆ ತುಟಿ ಬಿಚ್ಚುವುದಿಲ್ಲ ಎಂದು ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಂದಳು. ಓರಗಿತ್ತಿಯೇ ಬಂದು ಆ ಬಟ್ಟೆ ಬಿಚ್ಚಿ, ಬಯ್ಯಿ ನೋಡೋಣ ಎಂದು ಕೈಸನ್ನೆ ಮಾಡಿದಳು. ಇವಳು ಬಯ್ದಳು. ಕೇಳಿದ್ದು ತಪ್ಪಿದ್ದು ಎಂದೂ ಇಲ್ಲ.

ಮೈಕಿನವನು ನಾನು. ವರ್ಷವಿಡೀ ಬಸ್ ಸ್ಟ್ಯಾಂಡಿನಲ್ಲಿ ಯಾವ ಬಸ್ಸು ಎಲ್ಲಿಗೆ ಎಂದು ಕೂಗುವ ಕೆಲಸ, ರೇಸಿನ ದಿನ ಅಟ್ಟಣಿಗೆಯ ಮೇಲೆ ಕೂತು ಯಾವ ಕಾರು ಮುಂದೆ ಎಂದು ಕೂಗುವ ಕೆಲಸ. ಶಂಭುಲಿಂಗ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಮೈಕ್ ಶಂಭಣ್ಣ ಎನ್ನಬೇಕು. ಶನಿವಾರ ನನ್ನ ದನಿ ಕೇಳುತ್ತ ಊಟ ಮಾಡುತ್ತಿದ್ದೆ, ಭಾನುವಾರ ಆ ಮಾತುಗಳನ್ನೇ ಆಡಲು ಹೋಗುತ್ತಿದ್ದೆ. ನೆನಪಿಟ್ಟುಕೊಳ್ಳುವ ಗೋಜಿರಲಿಲ್ಲ. ಕಣ್ಣಿಗೆ ಕಂಡದ್ದನ್ನು ಹೇಳುತ್ತ ಹೋದರೆ ಅವೇ ಮಾತುಗಳು ತಾವಾಗಿ ಬರುತ್ತಿದ್ದವು. ನನ್ನ ತುಟಿ ಅಲ್ಲಾಡುವುದನ್ನು ಕೆಳಗೆ ನಿಂತವರು ನೋಡುತ್ತಿದ್ದರು, ಅಷ್ಟೇ.

ಒಂದು ಕಾಲಕ್ಕೆ ಇದೇ ದೊಡ್ಡ ಮೋಜಾಗಿತ್ತು. ನಿನ್ನೆ ಕೇಳಿದ ಕಿರ್ರೆಂಬ ಬ್ರೇಕು ಯಾರದು, ಯಾರ ಹಿಂದೆ ಯಾರಿದ್ದರು ಎಂದು ಜನ ರಾತ್ರಿಯಿಡೀ ವಾದ ಮಾಡಿ ಬೆಳಿಗ್ಗೆ ಕಣ್ಣಾರೆ ನೋಡಲು ಓಡಿ ಬರುತ್ತಿದ್ದರು. ಆದರೆ ಚೆಂಗಪ್ಪನವರು ಹಸಿರು ಕಾರಿಗೆ ಬಂದ ಮೇಲೆ ವಾದಕ್ಕೆ ಏನೂ ಉಳಿಯಲಿಲ್ಲ. ಕಾರು ಒಂದು ಟೈರ್ ಕಂಪನಿಯದು. ಅಷ್ಟು ದುಬಾರಿ ಇಂಜಿನ್ನು ಇನ್ನೊಬ್ಬರ ಬಳಿ ಇರಲಿಲ್ಲ, ಅಷ್ಟು ಅಳತೆಯಲ್ಲಿ ಓಡಿಸುವ ಕೈಯೂ ಇನ್ನೊಂದಿರಲಿಲ್ಲ. ಮೊದಲ ಸುತ್ತಿನಲ್ಲಿ ಮುಂದೆ ಹೋದರೆ ಕೊನೆಯವರೆಗೆ ಮುಂದೆಯೇ. ಶನಿವಾರ ನನ್ನ ದನಿ ಅವರ ಹೆಸರು ಹೇಳುತ್ತಿದ್ದಂತೆ ಜನ ಆಕಳಿಸಿ ಒಳಗೆ ಹೋಗತೊಡಗಿದರು. ಭಾನುವಾರ ಕುರ್ಚಿಗಳು ಖಾಲಿ ಬಿದ್ದವು. ಬೇರೆ ಊರಿನಿಂದ ಬಂದ ನನ್ನ ಷಡ್ಡಕ ಇದನ್ನು ಕೇಳಿ ನಕ್ಕುಬಿಟ್ಟಿದ್ದ. ಅವರ ಊರಿನ ರೇಸಿನಲ್ಲೂ ಹತ್ತಾರು ವರ್ಷದಿಂದ ದುಡ್ಡಿದ್ದ ಕಂಪನಿಯ ಕಾರೇ ಗೆಲ್ಲುತ್ತದಂತೆ, ಅವರಿಗೂ ಶನಿವಾರವೇ ಗೊತ್ತಿರುತ್ತದಂತೆ, ಸದ್ದು ಮಾತ್ರ ಕೇಳಿಸುವುದಿಲ್ಲ ಎಂದ.

ಎರಡನೆಯ ಸ್ಥಾನ ಯಾವಾಗಲೂ ರಜಾಕನದು. ಬಸ್ ಸ್ಟ್ಯಾಂಡಿನ ಹಿಂದೆ ಅವನ ಗ್ಯಾರೇಜು. ಹಳದಿ ಕಾರನ್ನು ತಾನೇ ಬಿಚ್ಚಿ ತಾನೇ ಜೋಡಿಸಿ ತಯಾರು ಮಾಡುತ್ತಿದ್ದ. ಎರಡನೆಯವನೆಂದು ನಿನ್ನೆಯೇ ಗೊತ್ತಾದ ಮೇಲೂ ಬೆಳಗಾಗೆದ್ದು ಹೆಲ್ಮೆಟ್ ಹಾಕಿಕೊಳ್ಳುವುದು ಯಾಕಪ್ಪ ಎಂದು ಒಮ್ಮೆ ಕೇಳಿದೆ. "ಮನೇಲಿ ಕೂತ್ಕೊಂಡು ಎರಡನೇ ಸ್ಥಾನ ಬರಕ್ಕಾಗಲ್ವಲ್ಲ ಶಂಭಣ್ಣ" ಎಂದ. ಚೆಂಗಪ್ಪನವರು ಅಷ್ಟು ಕೂಡ ಹೇಳುತ್ತಿರಲಿಲ್ಲ. ಗೆದ್ದು, ಹಾರ ಹಾಕಿಸಿಕೊಂಡು, ಅದನ್ನು ಹೆಂಡತಿ ಕಾವೇರಮ್ಮನ ಕೈಗೆ ಕೊಟ್ಟು, ಕಚೇರಿ ಮುಗಿಸಿದವರ ಹಾಗೆ ಮನೆಗೆ ನಡೆಯುತ್ತಿದ್ದರು. ಕೆಲವು ಹುಡುಗರು ಅವರನ್ನು ಕಂಡರೆ ಬೇಕೆಂದೇ ಆಕಳಿಸುತ್ತಿದ್ದರು. ಅವರು ಅದನ್ನೂ ನೋಡಿ ಸುಮ್ಮನಿರುತ್ತಿದ್ದರು.

ಆ ವರ್ಷ ಕಮಿಟಿಯ ಅಧ್ಯಕ್ಷ ನಂಜಪ್ಪ ಶೆಟ್ಟರು, ಇದೇ ಕೊನೆಯ ರೇಸು, ನೋಡುವವರಿಲ್ಲದ ಆಟ ಯಾರಿಗೆ ಬೇಕು ಎಂದು ಎಲ್ಲರ ಎದುರಿಗೂ ಹೇಳಿಯಾಗಿತ್ತು. ಯಾರೂ ಬೇಡ ಎನ್ನಲಿಲ್ಲ.

ಹಾಗಿರುವಾಗ ಆ ಶನಿವಾರ ಸದ್ದು ನಡುವೆಯೇ ನಿಂತಿತು.

ಸ್ವಲ್ಪ ಹೊತ್ತಿಗೆ ಮನೆಮನೆಯಿಂದ ಜನ ಹೊರಗೆ ಬಂದರು. ಎಲ್ಲರೂ ಮೊದಲು ಆಕಾಶ ನೋಡಿದರು, ಆಮೇಲೆ ಕಂಬ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆ ನೋಟ ನನಗೆ ಹಿಡಿಸಲಿಲ್ಲ. ಹೆಣ ಎತ್ತುವ ಮನೆಯ ಮುಂದೆ ನಿಂತವರು ನೋಡುವ ಹಾಗೆ ನೋಡುತ್ತಿದ್ದರು. ನನ್ನ ಮಾತು ತುಂಡಾದದ್ದನ್ನು ಊರೇ ಕೇಳಿತ್ತು. ಮೈಕ್ ಶಂಭಣ್ಣನಿಗೆ ನಾಳೆ ಅಟ್ಟಣಿಗೆಯ ಮೇಲೆ ಎದೆ ನಿಲ್ಲುತ್ತದೆ ಎಂದು ಯಾರೋ ಅಂದರು. ಇಂಜಿನ್ನುಗಳೂ ನಿಂತವಲ್ಲ, ಅವಕ್ಕೂ ಎದೆ ಇದೆಯೇ ಎಂದು ಇನ್ನೊಬ್ಬರು. ಹಾಗಾದರೆ ಭೂಮಿಯೇ ಬಾಯಿ ಬಿಡುತ್ತದೆ ಎಂದರು ಮತ್ತೊಬ್ಬರು. ಸಂಜೆಯ ಬಸ್ಸಿಗೆ ನಾಲ್ಕಾರು ಕುಟುಂಬಗಳು ಪೆಟ್ಟಿಗೆ ಹೊತ್ತು ಬಂದವು. ಅವರ ಬಸ್ಸನ್ನು ಕೂಗಿದವನೂ ನಾನೇ.

ನನಗೆ ದಿಗಿಲಾದದ್ದು ಅದರಿಂದಲ್ಲ. ಕೆಲಸ ಮುಗಿಸಿ ಚಹಾ ಅಂಗಡಿಯ ಮುಂದೆ ಬಂದರೆ ಅಲ್ಲಿ ಕಾಲಿಡಲು ಜಾಗವಿಲ್ಲ. ಎಷ್ಟೋ ವರ್ಷಗಳಿಂದ ರೇಸಿನ ಸುದ್ದಿ ಎತ್ತದವರು ಮೇಜು ಗುದ್ದಿ ಮಾತಾಡುತ್ತಿದ್ದರು. ಕೊನೆಯ ಸುತ್ತುಗಳು ಇನ್ನೂ ಬಾಕಿ ಇವೆ, ಗೆದ್ದವರ ಹೆಸರು ಯಾರೂ ಕೇಳಿಲ್ಲ, ಅಂದರೆ ಯಾರು ಬೇಕಾದರೂ ಗೆಲ್ಲಬಹುದು! ಈ ಮಾತು ಒಬ್ಬರ ಬಾಯಿಂದ ಒಬ್ಬರಿಗೆ ಹಾರುತ್ತಿತ್ತು. ರಜಾಕನ ಹೆಸರನ್ನು ಅಷ್ಟು ಜನರ ಬಾಯಲ್ಲಿ ನಾನು ಹಿಂದೆಂದೂ ಕೇಳಿರಲಿಲ್ಲ. ನನ್ನನ್ನು ಕಂಡೊಡನೆ ಎಲ್ಲರೂ ಮಾತು ನಿಲ್ಲಿಸಿ ಮುಖ ಸಪ್ಪೆ ಮಾಡಿಕೊಂಡರು. ಅಂಗಡಿಯ ಮಾಲೀಕ ಚಹಾ ಕೊಟ್ಟು ದುಡ್ಡು ಬೇಡವೆಂದ. ನಾನು ಬೆನ್ನು ತಿರುಗಿಸುವುದೇ ತಡ, ಮತ್ತೆ ಮೇಜು ಗುದ್ದುವುದು ಕೇಳಿಸಿತು. ನಾಳೆ ನಾನು ಸಾಯುತ್ತೇನೆಂದು ನಂಬಿದ ಜನ ಅವರು. ನನ್ನ ಜೊತೆ ಓದಿದವರು, ನನ್ನ ಮದುವೆಯಲ್ಲಿ ಉಂಡವರು. ಅವರಿಗೆ ಸಂಕಟವೂ ಇತ್ತು, ಅದು ಸುಳ್ಳಲ್ಲ. ಆದರೆ ಹಬ್ಬವೂ ಇತ್ತು.

ಮನೆಗೆ ಬಂದಾಗ ಡಾಕ್ಟರ್ ಅನಸೂಯ ಜಗಲಿಯ ಮೇಲೆ ಕಾಯುತ್ತಿದ್ದರು. ಊರಿನ ಆಸ್ಪತ್ರೆಗೆ ಅವರೊಬ್ಬರೇ ಡಾಕ್ಟರು. ಪ್ರತಿ ಶನಿವಾರ ಅವರು ರೇಸಿನ ರಸ್ತೆಯುದ್ದಕ್ಕೂ ನಡೆಯುತ್ತಿದ್ದರು. ಎಲ್ಲಿ ಕಾರು ಬಡಿದ ಸದ್ದೋ ನರಳಾಟವೋ ಕೇಳಿಸಿದರೆ ಅಲ್ಲಿ ಸುಣ್ಣದ ಗುರುತು ಹಾಕಿಸಿ, ಭಾನುವಾರ ಆ ಜಾಗದಲ್ಲಿ ಹುಲ್ಲಿನ ಪಿಂಡಿ ಒಟ್ಟಿಸಿ, ಸ್ಟ್ರೆಚರ್ ಸಮೇತ ತಾವೇ ನಿಲ್ಲುತ್ತಿದ್ದರು. ಕಾರಿನಿಂದ ಎಸೆಯಲ್ಪಟ್ಟವನು ಬಹುಮಟ್ಟಿಗೆ ಅವರ ಕಾಲ ಬುಡಕ್ಕೇ ಬಂದು ಬೀಳುತ್ತಿದ್ದ. ನಮ್ಮ ರೇಸಿನಲ್ಲಿ ಸತ್ತವರಿಲ್ಲ, ಕೈಕಾಲು ಕಳೆದುಕೊಂಡವರೂ ಇಲ್ಲ. ಅದು ಅವರಿಂದ ಎಂದು ಯಾರೂ ಗಮನಕ್ಕೆ ತಂದುಕೊಂಡಿರಲಿಲ್ಲ, ನಾನೂ ಸೇರಿ.

"ಶಂಭಣ್ಣ, ನಾಳೆ ನಾನು ಎಲ್ಲಿ ನಿಂತ್ಕೊಳ್ಳಲಿ?" ಎಂದು ಕೇಳಿದರು.

ಅವರು ಶೆಟ್ಟರ ಹತ್ತಿರ ಹೋಗಿ ರೇಸ್ ನಿಲ್ಲಿಸಿ ಎಂದು ಕೇಳಿ ಬಂದಿದ್ದರಂತೆ. ಅರ್ಧ ರೇಸ್ ಆಗಲೇ ಕೇಳಿಸಿದೆ, ಕೇಳಿಸಿದ್ದನ್ನು ನಿಲ್ಲಿಸಲು ನಾನ್ಯಾರು ಎಂದರಂತೆ ಶೆಟ್ಟರು. ಕುರ್ಚಿಗಳೆಲ್ಲ ಮಾರಾಟವಾಗಿ ಪಕ್ಕದ ಊರಿನಿಂದ ಬೆಂಚು ತರಿಸುತ್ತಿದ್ದರಂತೆ. ಹುಲ್ಲಿನ ಪಿಂಡಿ ಕೇಳಿದ್ದಕ್ಕೆ, ಬಡಿದ ಸದ್ದೇ ಇಲ್ಲದ ಮೇಲೆ ಎಲ್ಲಿ ಒಟ್ಟುತ್ತೀರಿ ಎಂದರಂತೆ. ಡಾಕ್ಟರಮ್ಮ ಇದನ್ನೆಲ್ಲ ಹೇಳಿ ಎದ್ದುಹೋದರು. ಸುಲೋಚನಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹೋಗಬೇಡಿ ಎಂದು ಅವಳು ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. ಕೇಳಿದ್ದು ತಪ್ಪುವುದಿಲ್ಲ ಎಂದು ಅವಳಿಗೂ ಗೊತ್ತು. "ನಾನೂ ಅಟ್ಟಣಿಗೆ ಹತ್ತುತ್ತೀನಿ. ನಿಮ್ಮ ಪಕ್ಕದಲ್ಲಿ ಕೂತಿರ್ತೀನಿ" ಎಂದಳು. ಅವರೆಕಾಳಿನ ಸಾರು ಮಾಡಿದ್ದಳು. ಇಬ್ಬರಿಗೂ ಸೇರಲಿಲ್ಲ.

ಭಾನುವಾರ ಅಟ್ಟಣಿಗೆಯಿಂದ ನೋಡಿದರೆ ರಸ್ತೆಯ ಎರಡೂ ಬದಿಗೆ ತಲೆಗಳೇ. ಮರದ ಮೇಲೆ ಜನ, ಗಿರಣಿಯ ಸೂರಿನ ಮೇಲೆ ಜನ, ಮೋರಿಯ ಕಟ್ಟೆಯ ಮೇಲೆ ಜನ. ಅಟ್ಟಣಿಗೆ ಇದ್ದದ್ದು ಕೊನೆಯ ಗೆರೆಯ ಹತ್ತಿರ. ಅಲ್ಲಿಂದ ಇಳಿಜಾರಿನ ಕೆಳಗೆ ಹುಣಸೆಮರದ ತಿರುವು ನೇರ ಕಾಣುತ್ತಿತ್ತು. ಡಾಕ್ಟರಮ್ಮ ಬೇರೆ ದಾರಿ ಕಾಣದೆ ಅಟ್ಟಣಿಗೆಯ ಪಕ್ಕದ ಶಾಮಿಯಾನದ ಕೆಳಗೆ ಕೂತಿದ್ದರು, ಆಂಬುಲೆನ್ಸು ಅವರ ಹಿಂದೆ ನಿಂತಿತ್ತು. ಶೆಟ್ಟರು ಬಾವುಟ ಬೀಸಿದರು. ಬೀಸಿದ್ದೇ ಎಲ್ಲ ಸದ್ದೂ ಅಳಿಸಿಹೋಯಿತು. ಕಾರುಗಳು ಧೂಳೆಬ್ಬಿಸಿಕೊಂಡು ಹೊರಟವು, ಹಸಿರು ಮುಂದೆ, ಹಳದಿ ಹಿಂದೆ, ಅದರ ಹಿಂದೆ ಉಳಿದವು. ನಾನು ಮೈಕಿಗೆ ಬಾಯಿಟ್ಟು ಹೇಳುತ್ತ ಹೋದೆ. ಪ್ರತಿ ಮಾತೂ ನಿನ್ನೆ ಕೇಳಿದ್ದೇ. ಮೈಕ್ ಹಿಡಿಯದ ನನ್ನ ಕೈಯನ್ನು ಸುಲೋಚನಾ ಎರಡೂ ಕೈಯಲ್ಲಿ ಹಿಡಿದಿದ್ದಳು. ಕೆಳಗಿನ ಜನ ರಸ್ತೆಯನ್ನು ಬಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಆ ಸುತ್ತು ಬಂತು. ಹಸಿರು ಕಾರು ಇಳಿಜಾರಿಗೆ ಬಂತು. ನನ್ನ ಬಾಯಿ ತನ್ನಷ್ಟಕ್ಕೆ, ಹಸಿರು ಕಾರು ಮುಂದಿದೆ, ಎಂದಿನಂತೆ ಚೆಂಗಪ್ಪನವರೇ ಮುಂದೆ, ಈಗ ಹುಣಸೆಮರದ ತಿರುವಿಗೆ ಬರ್ತಾ ಎಂದಿತು. ನಾನು ಕಣ್ಣು ಮುಚ್ಚಿಕೊಂಡೆ.

"ಇದ್ದಾರೆ."

ಆ ಮಾತು ನನ್ನ ಕಿವಿಗೇ ಬಿತ್ತು. ಕಂಬಕಂಬದ ಸ್ಪೀಕರುಗಳಿಂದ ಒಮ್ಮೆಗೇ ಬಂದು ನನ್ನ ಎದೆಗೆ ಬಡಿಯಿತು. ಅದರ ಹಿಂದೆಯೇ ಬಂದದ್ದನ್ನು ಹೇಗೆ ಹೇಳಲಿ? ಕಾರುಗಳ ಸದ್ದು. ಕಾರುಗಳ ಸದ್ದು ನಮಗೆ ಹೊಸದಲ್ಲ. ಹುಟ್ಟಿದಾಗಿನಿಂದ ಖಾಲಿ ರಸ್ತೆಯ ಮೇಲೆ ಕೇಳಿದವರು ನಾವು. ಆದರೆ ರೇಸಿನ ಕಾರೂ ಅದರ ಸದ್ದೂ ಒಟ್ಟಿಗೆ ಬಂದದ್ದನ್ನು ಊರಿನಲ್ಲಿ ಒಬ್ಬರೂ ಕಂಡಿರಲಿಲ್ಲ. ಕಬ್ಬಿಣದ ಆ ಮುದ್ದೆ ಆರ್ಭಟಿಸುತ್ತ ನಮ್ಮ ಮೇಲೇ ನುಗ್ಗಿ ಬರುತ್ತಿದೆ ಎನ್ನಿಸಿತು. ಜನ ಕಿವಿ ಮುಚ್ಚಿಕೊಂಡು ಕೂತುಬಿಟ್ಟರು. ಮಕ್ಕಳು ಕಿರುಚಿಕೊಂಡವು, ಕಿರುಚಿದ್ದು ಕೇಳಿಸಿ ತಾಯಂದಿರೂ ಕಿರುಚಿದರು. ಗಿರಣಿಯ ಸೂರಿನಿಂದ ಪಾರಿವಾಳಗಳು ಒಟ್ಟಿಗೆ ಎದ್ದವು. ಶೆಟ್ಟರು ಕೈಯಲ್ಲಿದ್ದ ಬಾವುಟ ಬಿಟ್ಟರು. ನಾನು ಬದುಕಿದ್ದೆ. ಸುಲೋಚನಾ ನನ್ನ ಕೈಯನ್ನು ಉಗುರು ಊರುವ ಹಾಗೆ ಹಿಡಿದು, "ರೀ, ರೀ" ಎನ್ನುತ್ತಿದ್ದಳು, ಅದೂ ಕೇಳಿಸುತ್ತಿತ್ತು.

ಅದೇ ಗಳಿಗೆಯಲ್ಲಿ ತಿರುವಿನಲ್ಲಿ ಹಸಿರು ಕಾರು ಅಡ್ಡ ತಿರುಗಿತು. ಚೆಂಗಪ್ಪನವರ ಕಾರು ಹಾಗೆ ತಿರುಗಿದ್ದನ್ನು ನಾನು ಕಂಡದ್ದೇ ಇಲ್ಲ. ಹಿಂಗಾಲು ಜಾರಿದ ದನದ ಹಾಗೆ ಒಂದು ಕಡೆಗೆ ಕುಸಿದು, ರಸ್ತೆ ಬಿಟ್ಟು, ಮೋರಿಯ ಕಟ್ಟೆಗೆ ಬಡಿಯಿತು. ಕಟ್ಟೆಯ ಮೇಲಿದ್ದವರು ಹೇಗೋ ಹಾರಿಕೊಂಡರು. ಹೇಳಲು ನಾಲಿಗೆ ಬರುವುದಿಲ್ಲ, ಆದರೂ ಹೇಳಬೇಕು. ಕಾರು ಬಡಿದಾಗ ಜನ ಹೋ ಎಂದರು. ಸಂತೋಷದಿಂದ ಎಂದರು. ಗೊತ್ತಿಲ್ಲದ್ದು ಒಂದು ಕಣ್ಣೆದುರಿಗೆ ನಡೆದಿತ್ತು, ಹಸಿರು ಕಾರು ಇನ್ನು ಗೆಲ್ಲುವುದಿಲ್ಲ. ಆ ಹೋ ಎಂಬ ಸದ್ದು ಇಳಿಯುವ ಮೊದಲೇ ಕಾರಿನೊಳಗಿನಿಂದ ಚೆಂಗಪ್ಪನವರ ಕೂಗು ಬಂತು.

ನಮ್ಮೂರಿನವರು ನೋವಿನ ಕೂಗು ಕೇಳಿಲ್ಲವೆಂದಲ್ಲ. ಶನಿವಾರ ಕೇಳಿದ್ದೇವೆ. ಯಾರೂ ಇಲ್ಲದ ತಿರುವಿನಿಂದ ಕೂಗು ಬಂದರೆ, ಅದು ನಾಳೆಯದು, ನಾಳೆ ಡಾಕ್ಟರಮ್ಮ ಅಲ್ಲಿರುತ್ತಾರೆ ಎಂದುಕೊಂಡು ಕೆಲಸ ಮುಂದುವರಿಸುತ್ತಿದ್ದೆವು. ಭಾನುವಾರ ರಕ್ತ ಕಂಡರೂ ಬಾಯಿ ತೆರೆದ ಮುಖ ಮಾತ್ರ ಕಾಣುತ್ತಿತ್ತು, ಪಟದಲ್ಲಿ ಕಂಡ ಹಾಗೆ. ಕೂಗೂ ಮುಖವೂ ಒಂದೇ ಮನುಷ್ಯನದು ಎಂದು ನಮಗೆ ತಿಳಿದದ್ದು ಆಗ. ಹೋ ಎಂದವರ ಬಾಯಿ ಹಾಗೇ ತೆರೆದುಕೊಂಡಿತ್ತು. ಮುಚ್ಚಲು ಅವರಿಗೆ ತೋಚಲಿಲ್ಲ. ಯಾರೂ ಮುಂದೆ ಹೋಗಲಿಲ್ಲ, ಯಾರೂ ಹಿಂದೆ ಸರಿಯಲಿಲ್ಲ.

ಹಳದಿ ಕಾರಿಗೆ ದಾರಿ ಪೂರಾ ಖಾಲಿಯಿತ್ತು. ಇನ್ನು ಕೆಲವೇ ಸುತ್ತು, ಎದುರಿಗೆ ಒಬ್ಬರೂ ಇಲ್ಲ. ರಜಾಕ್ ಬ್ರೇಕ್ ಒತ್ತಿ, ಕಾರನ್ನು ರಸ್ತೆಯಲ್ಲೇ ಬಿಟ್ಟು ಇಳಿದು ಓಡಿದ. ಹೆಲ್ಮೆಟ್ ಕಿತ್ತೆಸೆದು ಹಸಿರು ಕಾರಿನ ಬಾಗಿಲು ಎಳೆಯುತ್ತ, ಡಾಕ್ಟ್ರು ಎಲ್ಲಿ ಎಂದು ಕೂಗುತ್ತಿದ್ದ. ಡಾಕ್ಟರಮ್ಮ ಆಗಲೇ ಚೀಲ ಹಿಡಿದು ಎದ್ದಿದ್ದರು, ಆದರೆ ಅವರಿಗೂ ತಿರುವಿಗೂ ನಡುವೆ ಜನ ಗೋಡೆಯ ಹಾಗೆ ನಿಂತಿದ್ದರು. ಅವರು ತಳ್ಳುತ್ತಿದ್ದರು, ಮರಗಟ್ಟಿ ನಿಂತ ಜನ ಅಲುಗುತ್ತಿರಲಿಲ್ಲ. ಆಂಬುಲೆನ್ಸು ಹಾರನ್ ಬಾರಿಸಿದರೆ ಆ ಸದ್ದಿಗೆ ಹೆದರಿ ಇನ್ನಷ್ಟು ಒತ್ತಿಕೊಂಡರು. ಇದೆಲ್ಲ ಅಟ್ಟಣಿಗೆಯಿಂದ ನನಗೆ ಕಾಣುತ್ತಿತ್ತು. ಮೈಕ್ ಬಾಯಿಯ ಹತ್ತಿರವೇ ಇತ್ತು. ಆದರೆ ನಿನ್ನೆ ಕೇಳಿದ ಮಾತು ಮುಗಿದುಹೋಗಿತ್ತು.

"ಹೇಳ್ರೀ, ಈಗ ಹೇಳಿದ್ರೆ ಕೇಳಿಸುತ್ತೆ" ಎಂದಳು ಸುಲೋಚನಾ.

ಬಸ್ ಸ್ಟ್ಯಾಂಡಿನ ದನಿ ಬಾಯಿಗೆ ಬಂತು. ಡಾಕ್ಟರಮ್ಮ ಬರ್ತಾ ಇದಾರೆ, ದಾರಿ ಬಿಡಿ, ಎಡಗಡೆಯವರು ಗಿರಣಿ ಗೋಡೆಗೆ ಹೋಗಿ, ಬಲಗಡೆಯವರು ಗದ್ದೆಗೆ ಇಳೀರಿ, ಮಗು ಎತ್ತಿಕೊಂಡವರು ಮೊದಲು ಎಂದು ಹೇಳುತ್ತ ಹೋದೆ. ಒಂದೊಂದು ಮಾತಿಗೂ ಜನ ಸರಿಯುವುದು ಕಾಣುತ್ತಿತ್ತು. ಜನ ಇಬ್ಭಾಗವಾಗಿ ನಡುವೆ ಒಂದು ಓಣಿ ಬಿಟ್ಟುಕೊಟ್ಟರು, ಡಾಕ್ಟರಮ್ಮ ಸೀರೆ ಎತ್ತಿ ಕಟ್ಟಿ ಅದರಲ್ಲಿ ಓಡಿದರು, ಅವರ ಹಿಂದೆ ಆಂಬುಲೆನ್ಸು. ಕಾವೇರಮ್ಮ ಎಲ್ಲಿದ್ದರೋ, ಅವರೂ ಅದೇ ಓಣಿಯಲ್ಲಿ ಓಡಿದರು. ಒಬ್ಬ ಹೆಂಗಸು ದಾರಿಯಲ್ಲಿ ಅವರ ಬಿದ್ದುಹೋದ ಚಪ್ಪಲಿ ಎತ್ತಿಕೊಂಡು ಹಿಂದೆಯೇ ಓಡಿದಳು. ಉಳಿದ ಕಾರುಗಳು ಏನಾಯಿತೆಂದು ತಿಳಿಯದೆ ಸುತ್ತುತ್ತಿದ್ದವು. ಅವುಗಳಲ್ಲಿ ಒಂದು ಕೊನೆಯ ಗೆರೆ ದಾಟಿತು. ಹೊರಗಿನಿಂದ ಬಂದ ಯಾರೋ ಓಡಿಸುತ್ತಿದ್ದದ್ದು. ಹಾರ ಹಾಕುವವರೂ ಅಲ್ಲಿರಲಿಲ್ಲ. ಅವನ ಹೆಸರು ನನಗೂ ನೆನಪಿಲ್ಲ.

ಚೆಂಗಪ್ಪನವರ ಜೀವ ಉಳಿಯಿತು. ಎಡಗಾಲು ಉಳಿಯಲಿಲ್ಲ. ದೊಡ್ಡ ಆಸ್ಪತ್ರೆಗೆ ಸಾಗಿಸಿದ ಮೇಲೆ ಮೊಣಕಾಲಿನ ಮೇಲಕ್ಕೆ ತೆಗೆದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಜೀವವೂ ಇರುತ್ತಿರಲಿಲ್ಲ, ಎಂದಿನ ಹಾಗೆ ತಾನು ಅಲ್ಲೇ ನಿಂತಿದ್ದರೆ ಕಾಲೂ ಹೋಗುತ್ತಿರಲಿಲ್ಲ ಎಂದು ಡಾಕ್ಟರಮ್ಮ ನನ್ನೊಬ್ಬನಿಗೆ ಹೇಳಿದರು. ಊರು ಬಹಳ ದಿನ ಮಂಕು ಕವಿದ ಹಾಗಿತ್ತು. ಚಹಾ ಅಂಗಡಿಯಲ್ಲಿ ಲೋಟ ಇಡುವ ಸದ್ದಿಗೂ ಜನ ಬೆಚ್ಚುತ್ತಿದ್ದರು. ಅಂದು ಹೋ ಎಂದವರಾರೆಂದು ಯಾರೂ ಕೇಳಲಿಲ್ಲ, ಎಲ್ಲರೂ ಎಂದಿದ್ದರು. ಬೇಕೆಂದು ಆಕಳಿಸುತ್ತಿದ್ದ ಹುಡುಗರು ಎಳನೀರಿನ ಗೊನೆ ಹೊತ್ತುಕೊಂಡು ಬಸ್ ಹತ್ತಿದರು, ಆಸ್ಪತ್ರೆಯ ಬಾಗಿಲಲ್ಲಿ ಅದನ್ನು ಇಟ್ಟು ಒಳಗೆ ಹೋಗುವ ಧೈರ್ಯವಿಲ್ಲದೆ ವಾಪಸಾದರು. ಶನಿವಾರದ ಸದ್ದು ಅಲ್ಲಿಗೆ ನಿಂತುಹೋಯಿತು, ಆಮೇಲೆ ಬಂದದ್ದಿಲ್ಲ.

ನಾನು ನೋಡಲು ಹೋದದ್ದು ಒಂದು ತಿಂಗಳು ಕಳೆದ ಮೇಲೆ. ಚೆಂಗಪ್ಪನವರು ದಿಂಬಿಗೆ ಒರಗಿ ಕೂತಿದ್ದರು, ಕಾವೇರಮ್ಮ ಕಿಟಕಿಯ ಬಳಿ ಬಟ್ಟೆ ಮಡಿಸುತ್ತಿದ್ದರು. ಬಸ್ಸು ತಡವಾಯಿತು, ರಸ್ತೆ ಕೆಟ್ಟಿದೆ ಎಂದೇನೋ ಹೇಳಿದೆ. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ಏನನ್ನೋ ಬಹಳ ದಿನದಿಂದ ಬಾಯಲ್ಲಿಟ್ಟುಕೊಂಡವರ ಹಾಗೆ ನನ್ನ ಕೈ ಹಿಡಿದು ಹತ್ತಿರ ಕೂರಿಸಿಕೊಂಡರು.

"ಆರ್ಭಟಕ್ಕೆ ಹೆದರಿ ಕಾರು ತಿರುಗಿಸ್ದೆ ಅಂತ ಎಲ್ಲರೂ ತಿಳ್ಕೊಂಡಿದಾರೆ. ಅದಲ್ಲ ಶಂಭಣ್ಣ. ಹಿಂದಿನಿಂದ ರಜಾಕನ ಗಾಡಿ ಸದ್ದು ಕೇಳಿಸ್ತು. ಇಲ್ಲೇ, ಕಿವಿ ಪಕ್ಕದಲ್ಲೇ. ಇಷ್ಟು ವರ್ಷ ಅವನು ಎಲ್ಲೋ ದೂರದಲ್ಲಿರ್ತಾನೆ ಅಂದ್ಕೊಂಡಿದ್ದೆ. ಕನ್ನಡೀಲಿ ಧೂಳೇ ಕಾಣ್ತಿದ್ದದ್ದು. ಅಷ್ಟು ಹತ್ತಿರ ಇದಾನೆ ಅಂತ ಗೊತ್ತೇ ಇರಲಿಲ್ಲ. ಕತ್ತು ತಿರುಗಿಸಿ ನೋಡಿದೆ."

ನಾನು ಬೆರಗಾದದ್ದು ಆ ಮಾತಿಗಲ್ಲ, ಅವರ ಮುಖಕ್ಕೆ. ಎಷ್ಟೋ ಹಾರ ಹಾಕಿಸಿಕೊಂಡಾಗ ನೋಡಿದ ಮುಖ ಅದು, ಒಮ್ಮೆಯೂ ಹೀಗೆ ಅರಳಿದ್ದು ಕಂಡಿರಲಿಲ್ಲ. ಕಾವೇರಮ್ಮ ಮಡಿಸುವುದನ್ನು ನಿಲ್ಲಿಸಿ ಗಂಡನನ್ನೇ ದಿಟ್ಟಿಸಿ ನೋಡುತ್ತಿದ್ದರು. ಅವರಿಗೂ ಇದು ಹೊಸ ಸುದ್ದಿ ಎಂದು ತೋರಿತು. ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿ ಹಿಡಿದಿದ್ದರು. ಅದು ಸಿಟ್ಟೋ ದುಃಖವೋ ನನಗೆ ಹೇಳಲಾಗದು.

ರಜಾಕನನ್ನು ಕರೆದುಕೊಂಡು ಬಾ ಎಂದರು ಚೆಂಗಪ್ಪನವರು. ಅವನು ಒಮ್ಮೆಯೂ ಬಂದಿರಲಿಲ್ಲ. ಗ್ಯಾರೇಜಿನ ಬಾಗಿಲೆಳೆದುಕೊಂಡು ಕೂತಿದ್ದ. ನಾನು ಹೋಗಿ ಕರೆದೆ, ಕಾಲಿಲ್ಲದವರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ ಎಂದ. ಅವರೇ ಕರೆದಿದ್ದಾರೆ ಎಂದು ಹೇಳಿ, ಎರಡು ಸಲ ಹೋಗಿ, ಮೂರನೆಯ ಸಲಕ್ಕೆ ಕರೆತಂದೆ. ಮಂಚದಿಂದ ದೂರವೇ ನಿಂತ. ಚೆಂಗಪ್ಪನವರು ಕ್ಷೇಮಸಮಾಚಾರ ಏನೂ ಎತ್ತಲಿಲ್ಲ. ಹೊದಿಕೆಯನ್ನು ಅಂಗೈಯಲ್ಲಿ ಸವರಿ ಸಮ ಮಾಡಿದರು. ಬೆರಳಲ್ಲಿ ಇಳಿಜಾರು ಎಳೆದರು, ತಿರುವು ಎಳೆದರು.

"ಒಳಗಡೆಯಿಂದ ಬರ್ತಿದ್ಯಾ, ಹೊರಗಡೆಯಿಂದಲಾ?" ಎಂದು ಕೇಳಿದರು.

ರಜಾಕ್ ನನ್ನ ಮುಖ ನೋಡಿದ. ಆಮೇಲೆ ಹತ್ತಿರ ಬಂದು ಮಂಚದ ಅಂಚಿಗೆ ಕೂತ. ಒಳಗಡೆಯಿಂದ ಎಂದ. ಅಲ್ಲಿ ಜಾಗವೆಲ್ಲಿತ್ತು, ನಾನು ಕಟ್ಟೆಗೆ ಅಂಟಿಕೊಂಡೇ ಹೋಗುವವನು ಎಂದರು ಚೆಂಗಪ್ಪನವರು. ನೀವು ಆ ತಿರುವಲ್ಲಿ ಯಾವಾಗಲೂ ಒಂದು ಮಾರು ಜಾಗ ಬಿಡುತ್ತೀರಿ, ವರ್ಷಗಟ್ಟಲೆ ಹಿಂದಿನಿಂದ ನೋಡಿದವನು ನಾನು ಎಂದ ರಜಾಕ್. ದನಿ ಸ್ವಲ್ಪ ಏರಿತ್ತು. ಇಬ್ಬರೂ ಕೈ ಮುಂದಕ್ಕೆ ಚಾಚಿದರು. ಚೆಂಗಪ್ಪನವರ ಕೈ ಹಸಿರು ಕಾರು, ರಜಾಕನ ಕೈ ಹಳದಿ. ಕೈಗಳು ಇಳಿಜಾರು ಇಳಿದವು, ತಿರುವಿಗೆ ಬಂದವು. ರಜಾಕನ ಕೈ ಒಳಗಡೆಯಿಂದ ನುಗ್ಗಿ, ಎಡಗಾಲು ಇರಬೇಕಾಗಿದ್ದ ಕಡೆಗೆ ಬಂತು. ಅಲ್ಲಿ ಹೊದಿಕೆ ಚಪ್ಪಟೆಯಾಗಿ ಮಂಚಕ್ಕೆ ಅಂಟಿಕೊಂಡಿತ್ತು. ಕೈ ಅಲ್ಲೇ ನಿಂತಿತು. ಕಾವೇರಮ್ಮ ಮುಖ ಕಿಟಕಿಯ ಕಡೆಗೆ ತಿರುಗಿಸಿದರು.

"ಯಾಕೆ ನಿಲ್ಲಿಸ್ದೆ? ಅಲ್ಲಿ ಜಾಗ ಇದೆಯಲ್ಲ" ಎಂದರು ಚೆಂಗಪ್ಪನವರು. "ಬಾ."

ರಜಾಕ್ ತೋಳಿನಲ್ಲಿ ಕಣ್ಣೊರೆಸಿಕೊಂಡು ಕೈಯನ್ನು ಆ ಚಪ್ಪಟೆ ಹೊದಿಕೆಯ ಮೇಲೆ ಮುಂದಕ್ಕೆ ಸರಿಸಿದ. ಹಸಿರು ಕಾರಿನ ಪಕ್ಕಕ್ಕೆ ಬಂದ, ಸಮಕ್ಕೆ ಬಂದ, ಒಂದು ಬೆರಳು ಮುಂದಾದ.

"ಹಾಂ, ಇಲ್ಲೇ" ಎಂದರು ಚೆಂಗಪ್ಪನವರು. "ಇಲ್ಲೇ ನೀನು ದಾಟ್ತಿದ್ದೆ ನೋಡು ನನ್ನ."